ಬಿಸಿನೆಸ್ ಮತ್ತು ಜರ್ಮನ್ ಒಟ್ಟಿಗೆ ಓದೋಕೆ ಯಾವ ಯೂನಿವರ್ಸಿಟಿ?

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನಲ್ಲಿ ಎ-ಲೆವೆಲ್ (ನಮ್ಮ ಪಿಯುಸಿ ಥರದ್ದು) ಕೊನೇ ವರ್ಷದಲ್ಲಿದ್ದೇನೆ. ಜರ್ಮನ್, ಎಕನಾಮಿಕ್ಸ್, ಮ್ಯಾಥ್ಸ್. ಪ್ರೆಡಿಕ್ಟೆಡ್ ಗ್ರೇಡ್ ಎಬಿಬಿ, ಜರ್ಮನ್‌ನಲ್ಲಿ ಎ. ಬಿಸಿನೆಸ್ ಮತ್ತು ಜರ್ಮನ್ ಸೇರಿಸಿ ಓದಬೇಕು ಅನ್ನೋದು ಗಟ್ಟಿಯಾಗಿದೆ. ಎಲ್ಲಿ ಅನ್ನೋದೇ ಗೊತ್ತಾಗುತ್ತಿಲ್ಲ.

ಯೂಕ್ಯಾಸ್‌ನಲ್ಲಿ, ಅಂದರೆ ಇಲ್ಲಿ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುವ ವ್ಯವಸ್ಥೆಯಲ್ಲಿ, ಐದು ಕೋರ್ಸ್ ಹಾಕಬಹುದು. ಮೂರು ಬರೆದಿಟ್ಟಿದ್ದೇನೆ. ಮೂರೂ ಬೇರೆ ಬೇರೆ ಥರ, ಅದಕ್ಕೇ ಗೊಂದಲ.

ಮೊದಲನೆಯದು ರ‍್ಯಾಂಕಿಂಗ್‌ನಲ್ಲಿ ತುಂಬಾ ಮೇಲಿರುವ ಹಳೇ ಯೂನಿವರ್ಸಿಟಿ. ಅರ್ಧ ಮ್ಯಾನೇಜ್‌ಮೆಂಟ್, ಅರ್ಧ ಜರ್ಮನ್. ಆದರೆ ಜರ್ಮನ್ ಕಡೆ ಮಾಡ್ಯೂಲ್ ಪಟ್ಟಿ ನೋಡಿದರೆ ಕವಿತೆ, ನಾಟಕ, ಮಧ್ಯಯುಗದ ಸಾಹಿತ್ಯವೇ ಜಾಸ್ತಿ. ಎರಡನೆಯದರಲ್ಲಿ ಬಿಸಿನೆಸ್ ಸ್ಕೂಲ್ ಚೆನ್ನಾಗಿದೆ. ಒಂದು ವರ್ಷ ಕಂಪನಿಯಲ್ಲಿ ಕೆಲಸವೂ ಇದೆ. ಜರ್ಮನ್ ಮಾತ್ರ ವರ್ಷಕ್ಕೆ ಒಂದೇ ಮಾಡ್ಯೂಲ್. ಮೂರನೆಯದು ಎರಡು ವರ್ಷ ಇಲ್ಲಿ, ಎರಡು ವರ್ಷ ಜರ್ಮನಿಯಲ್ಲಿ, ಕೊನೆಗೆ ಎರಡು ಡಿಗ್ರಿ. ಕೇಳೋಕೆ ಚೆನ್ನಾಗಿದೆ. ಸ್ವಲ್ಪ ಭಯ ಆಗುತ್ತೆ.

ಅಪ್ಪ ರ‍್ಯಾಂಕಿಂಗ್ ನೋಡು ಅನ್ನುತ್ತಾರೆ. ಜರ್ಮನ್ ಟೀಚರ್ ಮೊದಲನೆಯದೇ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಭಾಷಾ ವಿಭಾಗಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ ಅಂತ ಅಮ್ಮ ಎಲ್ಲೋ ಓದಿದ್ದಾರೆ. ಓದುತ್ತಿರುವಾಗಲೇ ಮುಚ್ಚಿಬಿಟ್ಟರೆ ಏನು ಗತಿ ಅಂತ ಅವರ ಚಿಂತೆ. ಇಂಥ ಕೋರ್ಸ್ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಏನನ್ನು ನೋಡಿ ಆರಿಸಬೇಕು?

ಲೆಕ್ಕದಪುಸ್ತಕ:

ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೇ? ನಾನು ಇಂಥದ್ದೇ ಎರಡು ವಿಷಯ ಸೇರಿದ ಜಾಯಿಂಟ್ ಡಿಗ್ರಿ ಬ್ರಿಟನ್ನಿನಲ್ಲಿ ಮುಗಿಸಿದವಳು. ಈಗ ಸ್ಟುಟ್‌ಗಾರ್ಟ್ ಹತ್ತಿರ ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಖರೀದಿ ವಿಭಾಗದಲ್ಲಿದ್ದೇನೆ. ದಿನವಿಡೀ ಇನ್‌ವಾಯ್ಸ್, ಡೆಲಿವರಿ ನೋಟ್, ಫೋನು. ಹಾಗಾಗಿ ನನ್ನ ಮಾತು ಸ್ವಲ್ಪ ಅಂಗಡಿ ಲೆಕ್ಕದ ಥರ ಇದ್ದರೆ ಕ್ಷಮಿಸು.

ಅಪ್ಪ ಹೇಳುವ ರ‍್ಯಾಂಕಿಂಗ್ ಸುಳ್ಳಲ್ಲ. ಆದರೆ ಬಿಸಿನೆಸ್‌ಗೆ ಒಂದು ಪಟ್ಟಿ, ಜರ್ಮನ್‌ಗೆ ಇನ್ನೊಂದು. ಎರಡೂ ಸೇರಿದ ಕೋರ್ಸ್‌ಗೆ ಪಟ್ಟಿ ಎಲ್ಲಿದೆ? ನೀನು ನಾಲ್ಕು ವರ್ಷ ಇರೋದು ಆ ಎರಡು ಕಟ್ಟಡಗಳ ನಡುವೆ. ಅವೆರಡೂ ಪರಸ್ಪರ ಮಾತಾಡುತ್ತವಾ ಅನ್ನೋದೇ ನೀನು ನೋಡಬೇಕಾದದ್ದು. ಬಹಳ ಕಡೆ ಮಾತಾಡಲ್ಲ.

ಪತ್ತೆ ಮಾಡೋದು ಸುಲಭ. ಓಪನ್ ಡೇಯಲ್ಲಿ ಜರ್ಮನ್‌ನವರ ಟೇಬಲ್ ಹತ್ತಿರ ಹೋಗಿ ಕೇಳು: ಎರಡನೇ ವರ್ಷ ಜರ್ಮನ್ ಕ್ಲಾಸೂ ಮಾರ್ಕೆಟಿಂಗ್ ಲೆಕ್ಚರೂ ಒಂದೇ ಹೊತ್ತಿಗೆ ಬಂದರೆ ಯಾರು ಸರಿ ಮಾಡುತ್ತಾರೆ? ಜಾಯಿಂಟ್ ಡಿಗ್ರಿ ನೋಡಿಕೊಳ್ಳೋಕೆ ಅಂತಲೇ ಒಬ್ಬರಿದ್ದರೆ ತಕ್ಷಣ ಅವರ ಹೆಸರು ಹೇಳುತ್ತಾರೆ. ಬಿಸಿನೆಸ್ ಸ್ಕೂಲ್‌ನವರನ್ನು ಕೇಳಿ ಅಂದರೋ, ಅಲ್ಲಿಗೆ ಹೋದರೆ ಜರ್ಮನ್‌ನವರನ್ನು ಕೇಳಿ ಅನ್ನುತ್ತಾರೆ. ನಾನು ಓದಿದ ಕಡೆ ಹಾಗೇ ಇತ್ತು. ಒಂದು ಇಡೀ ಟರ್ಮ್ ಒಂದು ಕ್ಲಾಸಿನ ಮೊದಲರ್ಧ, ಇನ್ನೊಂದು ಕ್ಲಾಸಿನ ಕೊನೆಯರ್ಧ ಕೇಳಿಕೊಂಡು ಓಡಾಡಿದೆ.

ಆಮೇಲೆ ಕ್ರೆಡಿಟ್ ಲೆಕ್ಕ ಹಾಕು. ಇಂಗ್ಲೆಂಡಿನಲ್ಲಿ ಒಂದು ವರ್ಷಕ್ಕೆ 120 ಕ್ರೆಡಿಟ್. 60-60 ಇದ್ದರೆ ನಿಜವಾಗಿ ಅರ್ಧರ್ಧ. 90-30 ಇದ್ದರೆ ಅದು ಬಿಸಿನೆಸ್ ಡಿಗ್ರಿ, ಪಕ್ಕದಲ್ಲಿ ಸ್ವಲ್ಪ ಜರ್ಮನ್. ನಿನ್ನ ಎರಡನೇ ಆಯ್ಕೆ ಆ ಥರದ್ದೋ ಅದಕ್ಕಿಂತ ಕಡಿಮೆಯೋ ಇರುತ್ತೆ. ಅಲ್ಲಿ ಜರ್ಮನ್ ಕಲಿಸೋದು ಜರ್ಮನ್ ವಿಭಾಗದವರಾ, ಇಲ್ಲಾ ಯಾರು ಬೇಕಾದರೂ ಸೇರಬಹುದಾದ ಲ್ಯಾಂಗ್ವೇಜ್ ಸೆಂಟರ್‌ನವರಾ ನೋಡು. ಸೆಂಟರ್ ಕೆಟ್ಟದ್ದು ಅಂತಲ್ಲ. ವಾರಕ್ಕೆ ಎರಡು ಗಂಟೆ ಅಲ್ಲಿ ಕೂತರೆ ಎ-ಲೆವೆಲ್‌ನಲ್ಲಿ ಕಲಿತದ್ದು ಉಳಿಯುತ್ತೆ, ಬೆಳೆಯೋದು ಕಷ್ಟ. ಡಿಗ್ರಿ ಮುಗಿಯುವಾಗ ಸಿ1 ಮಟ್ಟಕ್ಕೆ, ಅಂದರೆ ಭಾಷೆಯನ್ನು ಸರಾಗವಾಗಿ ಬಳಸುವ ಮಟ್ಟಕ್ಕೆ, ಬಂದಿರಬೇಕು. ಇಲ್ಲಿನ ಆಫೀಸಿನಲ್ಲಿ ಅದಕ್ಕಿಂತ ಕೆಳಗಿದ್ದರೆ ಮೀಟಿಂಗ್ ನಿನಗಾಗಿ ಇಂಗ್ಲಿಷ್‌ಗೆ ತಿರುಗುತ್ತೆ. ನೀನು ಜರ್ಮನ್ ಓದಿದ್ದಕ್ಕೆ ಅರ್ಥ ಇರಲ್ಲ.

ಮೂರನೇ ಪ್ರಶ್ನೆಯನ್ನು ಯಾರೂ ಕೇಳಲ್ಲ: ಬಿಸಿನೆಸ್ ವಿಷಯವನ್ನೇ ಜರ್ಮನ್‌ನಲ್ಲಿ ಕಲಿಸುವ ಒಂದು ಮಾಡ್ಯೂಲ್ ಆದರೂ ಇದೆಯಾ? ಇದು ಯಾಕೆ ಬೇಕು ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಇಂಟರ್ನ್‌ಶಿಪ್ ಶುರುವಿನಲ್ಲಿ ನನ್ನ ಕೈಗೆ ಒಂದು ಕಟ್ಟು ಇನ್‌ವಾಯ್ಸ್ ಕೊಟ್ಟರು. ಮೇಲಿನದರ ಕೊನೆಯಲ್ಲಿ ಒಂದು ಸಾಲು. 10 ದಿನದೊಳಗೆ ಕಟ್ಟಿದರೆ 2% ಸ್ಕೋಂಟೊ, ಇಲ್ಲದಿದ್ದರೆ 30 ದಿನದೊಳಗೆ ಪೂರ್ತಿ ಹಣ. ಬೇಗ ಕೊಟ್ಟವರಿಗೆ ರಿಯಾಯಿತಿ, ಅಷ್ಟೇ ತಾನೇ ಅಂದುಕೊಂಡು ಪಕ್ಕಕ್ಕಿಟ್ಟೆ. ಪಕ್ಕದ ಮೇಜಿನ ಮೇಡಂ ಅದನ್ನು ಎತ್ತಿ ಮತ್ತೆ ನನ್ನ ಮುಂದೆ ಇಟ್ಟು ಲೆಕ್ಕ ಹಾಕಿಸಿದರು. 100 ಯೂರೋ ಬಿಲ್‌ಗೆ 98 ಕಟ್ಟಿದರೆ ಸಾಕು. ಆ 98ನ್ನು ಇನ್ನೂ 20 ದಿನ ಕೈಯಲ್ಲಿಟ್ಟುಕೊಳ್ಳಬೇಕು ಅಂದರೆ 2 ಯೂರೋ ಕಳೆದುಕೊಳ್ಳಬೇಕು. ವರ್ಷದ ಲೆಕ್ಕಕ್ಕೆ ತಂದರೆ ಸುಮಾರು 37% ಬಡ್ಡಿ! ಬ್ಯಾಂಕಿನಲ್ಲಿ ಸಾಲ ತೆಗೆದಾದರೂ ಹತ್ತನೇ ದಿನಕ್ಕೆ ಕಟ್ಟೋದೇ ಲಾಭ. ಆದರೆ ಸರಕಿನ ಜೊತೆ ಬಂದ ಡೆಲಿವರಿ ನೋಟಿಗೂ ಇನ್‌ವಾಯ್ಸಿಗೂ ತಾಳೆ ಆಗದೆ ಹಣ ಬಿಡುಗಡೆ ಆಗಲ್ಲ. ನೋಟು ಎಲ್ಲಿ ಅಂತ ಸಪ್ಲೈಯರ್‌ಗೆ ಫೋನ್ ಮಾಡಿದರೆ ಆ ಕಡೆಯವರು ಅಚ್ಚ ಶ್ವೇಬಿಶ್ ಆಡುಭಾಷೆಯಲ್ಲಿ ಮಾತಾಡುತ್ತಾರೆ. ಇತ್ತ ಹತ್ತು ದಿನ ಓಡುತ್ತಿರುತ್ತೆ.

ಬಿಸಿನೆಸ್ ಕ್ಲಾಸಿನಲ್ಲಿ ಟ್ರೇಡ್ ಕ್ರೆಡಿಟ್ ಅಂತ ಓದಿದ್ದೆ. ಜರ್ಮನ್ ಕ್ಲಾಸಿನಲ್ಲಿ ನಾಟಕ ಓದಿದ್ದೆ. ಈ ಒಂದು ಸಾಲು ಎರಡೂ ಕಡೆ ಇರಲಿಲ್ಲ. 2,000ಕ್ಕಿಂತ ಹೆಚ್ಚು ನೌಕರರಿರುವ ಜರ್ಮನ್ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸೀಟು ಕೆಲಸಗಾರರ ಕಡೆಯವರಿಗೆ ಅಂತ 1976ರ ಕಾನೂನು ಹೇಳುತ್ತೆ. ಇದೂ ನನಗೆ ಗೊತ್ತಾದದ್ದು ಕೆಲಸಕ್ಕೆ ಬಂದ ಮೇಲೆ. ಒಳ್ಳೇ ಕೋರ್ಸ್‌ನಲ್ಲಿ ಇದನ್ನೆಲ್ಲ ಎರಡನೇ ವರ್ಷದಲ್ಲೇ ಮುಗಿಸಿರುತ್ತಾರೆ. ಸಾಹಿತ್ಯ ಬೇಡ ಅಂತ ನಾನು ಹೇಳುತ್ತಿಲ್ಲ. ನನಗೆ ಕವಿತೆ ಕ್ಲಾಸೇ ಇಷ್ಟ ಆಗಿತ್ತು. ಬರೀ ಅದೇ ಇದ್ದರೆ ನಿನ್ನ ಎರಡು ವಿಷಯ ಎಲ್ಲೂ ಸೇರಲ್ಲ, ಅಷ್ಟೇ.

ಇನ್ನು ಹೊರದೇಶದ ವರ್ಷ. ನಿಜ ಹೇಳಬೇಕೆಂದರೆ ಇದೇ ಮುಖ್ಯ. ಆ ವರ್ಷ ಏನೇನು ಮಾಡಬಹುದು ಅಂತ ಕೇಳು. ಜರ್ಮನ್ ಯೂನಿವರ್ಸಿಟಿಯಲ್ಲಿ ಓದೋದು, ಕಂಪನಿಯಲ್ಲಿ ಕೆಲಸ, ಬ್ರಿಟಿಷ್ ಕೌನ್ಸಿಲ್ ಮೂಲಕ ಶಾಲೆಯಲ್ಲಿ ಇಂಗ್ಲಿಷ್ ಅಸಿಸ್ಟೆಂಟ್. ಮೂರೂ ಇದ್ದರೆ ಒಳ್ಳೇದು. ಅರ್ಧ ವರ್ಷ ಓದಿ ಅರ್ಧ ವರ್ಷ ಕೆಲಸ ಮಾಡೋಕೆ ಬಿಟ್ಟರೆ ಇನ್ನೂ ಒಳ್ಳೇದು, ಯಾಕೆಂದರೆ ಇಲ್ಲಿನ ಕಂಪನಿಗಳು ಐದಾರು ತಿಂಗಳ ಇಂಟರ್ನ್‌ಗಳನ್ನೇ ಕೇಳುತ್ತವೆ.

ಒಂದು ಒಳಗುಟ್ಟು. ಇಂಟರ್ನ್‌ಶಿಪ್ ಕೋರ್ಸ್‌ನ ಕಡ್ಡಾಯ ಭಾಗವಾಗಿದ್ದರೆ ಇಲ್ಲಿ ಕನಿಷ್ಠ ವೇತನದ ಕಾನೂನು ಅದಕ್ಕೆ ಅನ್ವಯಿಸಲ್ಲ. ನೀನಾಗಿಯೇ ಮಾಡುವ ಇಂಟರ್ನ್‌ಶಿಪ್ ಮೂರು ತಿಂಗಳು ದಾಟಿದರೆ ಅನ್ವಯಿಸುತ್ತೆ. ಹಾಗಾಗಿ ಬಹಳ ಕಂಪನಿಗಳು ಮೊದಲು ಕೇಳೋದೇ ಪ್ಫ್ಲಿಖ್ಟ್‌ಪ್ರಾಕ್ಟಿಕುಮ್ ಪತ್ರ, ಅಂದರೆ ಇದು ಕಡ್ಡಾಯ ಅಂತ ಯೂನಿವರ್ಸಿಟಿ ಬರೆದು ಕೊಟ್ಟದ್ದು. ಕಾನೂನು ಕಂಪನಿಗೆ ಅನುಕೂಲ, ನಿನಗಲ್ಲ. ಏನು ಮಾಡೋದು, ಪತ್ರ ಇಲ್ಲದಿದ್ದರೆ ಅರ್ಜಿ ಪಕ್ಕಕ್ಕೆ ಹೋಗುತ್ತೆ. ನಿನ್ನ ಪಟ್ಟಿಯಲ್ಲಿರುವ ಯೂನಿವರ್ಸಿಟಿಗಳು ಅಂಥ ಪತ್ರ ಕೊಡುತ್ತವಾ ಕೇಳು. ಯಾವ ಪತ್ರ ಅಂತ ಅವರೇ ತಿರುಗಿ ಕೇಳಿದರೆ, ಅಲ್ಲಿಂದ ಜರ್ಮನ್ ಕಂಪನಿಗೆ ಹೆಚ್ಚು ಜನ ಹೋಗಿಲ್ಲ ಅಂತ ತಿಳಿದುಕೋ.

ಅಮ್ಮನ ಚಿಂತೆ ಸುಮ್ನೆ ಅಲ್ಲ. ವಿಭಾಗಗಳು ಮುಚ್ಚುತ್ತಿರೋದು ನಿಜ. ಸಾಮಾನ್ಯವಾಗಿ ಹೊಸಬರನ್ನು ನಿಲ್ಲಿಸಿ, ಒಳಗಿರುವವರನ್ನು ಕೊನೇವರೆಗೂ ಓದಿಸುತ್ತಾರೆ. ಇಂಗ್ಲೆಂಡಿನ ಯೂನಿವರ್ಸಿಟಿಗಳು ಸ್ಟೂಡೆಂಟ್ ಪ್ರೊಟೆಕ್ಷನ್ ಪ್ಲಾನ್ ಅಂತ ಒಂದನ್ನು ಪ್ರಕಟಿಸಿರುತ್ತವೆ, ಅದನ್ನು ಓದು. ಆದರೆ ಮುಚ್ಚೋಕೆ ಹೊರಟ ವಿಭಾಗದಲ್ಲಿ ಹೊಸ ಮೇಷ್ಟ್ರು ಬರಲ್ಲ, ಮಾಡ್ಯೂಲ್ ಕಡಿಮೆ ಆಗುತ್ತಾ ಹೋಗುತ್ತೆ. ವಿಭಾಗದ ಪುಟದಲ್ಲಿ ಜರ್ಮನ್ ಕಲಿಸುವವರು ಎಷ್ಟು ಜನ ಅಂತ ಎಣಿಸು. ಇಬ್ಬರೇ ಇದ್ದರೆ ನಾನಾದರೆ ಹಾಕಲ್ಲ.

ಖಾಲಿ ಇರುವ ಎರಡು ಜಾಗಕ್ಕೆ: ಬಾತ್ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಮ್ಯಾನೇಜ್‌ಮೆಂಟ್ ಅಂಡ್ ಮಾಡರ್ನ್ ಲ್ಯಾಂಗ್ವೇಜಸ್ ನೋಡು. ನಿನ್ನಂಥವರಿಗಾಗಿಯೇ ಕಟ್ಟಿದ ಕೋರ್ಸ್ ಅದು. ಮ್ಯಾಂಚೆಸ್ಟರ್, ಎಡಿನ್‌ಬರೋ, ಗ್ಲಾಸ್ಗೋ ಕಡೆಯೂ ಹುಡುಕು. ಗ್ರೇಡ್ ಎಷ್ಟು ಕೇಳುತ್ತಾರೆ ಅಂತ ಮೊದಲು ನೋಡಿಕೋ, ಕೆಲವು ಕಡೆ ಎಬಿಬಿ ಸಾಲದು. ಪಟ್ಟಿ ಪ್ರತಿ ವರ್ಷ ಬದಲಾಗುತ್ತೆ, ಹೋದ ವರ್ಷದ ಪ್ರಾಸ್ಪೆಕ್ಟಸ್ ನಂಬಬೇಡ.

ಎರಡುಗೇಟು:

ಮೇಲಿನ ಮೇಡಂ ಚೆನ್ನಾಗಿ ಬರೆದಿದ್ದಾರೆ. ಆದರೆ ನಾನು ಉಲ್ಟಾ ಹೇಳುತ್ತೇನೆ. ನಾನು ಅಕೌಂಟೆಂಟ್, ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಇಂಟರ್‌ವ್ಯೂಗಳಲ್ಲಿ ಕೂರುತ್ತೇನೆ. ಜರ್ಮನ್ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ಯಾರೂ ಸಂಬಳ ಕೊಡಲ್ಲ. ಜರ್ಮನಿಯಲ್ಲಂತೂ ಚೆನ್ನಾಗಿ ಇಂಗ್ಲಿಷ್ ಬರುವ ಜರ್ಮನ್ನರೇ ಸಿಗುತ್ತಾರೆ. ಅವರ ಜೊತೆ ನೀವು ಪೈಪೋಟಿ ಮಾಡೋದು ಭಾಷೆಯಲ್ಲಿ ಅಲ್ಲ. ಅಕೌಂಟ್ಸೋ, ಡೇಟಾನೋ, ಸಪ್ಲೈ ಚೈನೋ, ಯಾವುದಾದರೂ ಒಂದು ಗಟ್ಟಿಯಾಗಿ ಬರಬೇಕು. ಬಿಸಿನೆಸ್ ಅಂತ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಓದಿದರೆ, ಅದರಲ್ಲೂ ಅರ್ಧ ಡಿಗ್ರಿ ಮಾತ್ರ ಓದಿದರೆ, ಕೈಗೆ ಏನೂ ಹತ್ತಲ್ಲ.

ಹಾಗಾಗಿ ಎರಡನೇ ಆಯ್ಕೆಯನ್ನು ಅಷ್ಟು ಬೇಗ ಬಿಡಬೇಡಿ. ಚಾರ್ಟರ್ಡ್ ಅಕೌಂಟೆನ್ಸಿ ಮನಸ್ಸಿನಲ್ಲಿದ್ದರೆ ಯಾವ ಮಾಡ್ಯೂಲ್‌ಗೆ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತೆ ನೋಡಿ. ಜಾಯಿಂಟ್ ಡಿಗ್ರಿಯಲ್ಲಿ ಬಿಸಿನೆಸ್ ಮಾಡ್ಯೂಲ್ ಕಡಿಮೆ ಇರೋದರಿಂದ ವಿನಾಯಿತಿಯೂ ಕಡಿಮೆಯೇ. ಅಲ್ಲದೆ ಜರ್ಮನ್ ಕಂಪನಿ ಅಂದರೆ ಜರ್ಮನಿಗೇ ಹೋಗಬೇಕು ಅಂತೇನಿಲ್ಲ. ಬ್ರಿಟನ್ನಿನಲ್ಲೇ ಸೀಮೆನ್ಸ್, ಬಾಷ್, ಆಲ್ಡಿ, ಲಿಡ್ಲ್ ಇವೆ. ಆಕ್ಸ್‌ಫರ್ಡ್‌ನಲ್ಲಿ ಬಿಎಂಡಬ್ಲ್ಯುನವರ ಮಿನಿ ಕಾರ್ಖಾನೆ ಇದೆ.

ಲೆಕ್ಕದಪುಸ್ತಕ:

ಸರ್, ಒಂದು ಕೌಶಲ ಗಟ್ಟಿ ಇರಬೇಕು ಅನ್ನೋದನ್ನು ಒಪ್ಪುತ್ತೇನೆ. ಅದಕ್ಕೇ ಆಪ್ಷನಲ್ ಮಾಡ್ಯೂಲ್‌ಗಳನ್ನು ಚದುರಿಸದೆ ಒಂದೇ ಕಡೆ ಹಾಕಬೇಕು. ನಾನು ಆಪರೇಷನ್ಸ್ ಕಡೆ ಹಾಕಿದೆ. ಆದರೆ ಇಂಗ್ಲಿಷ್ ಬರುವ ಜರ್ಮನ್ನರ ಮಾತು ದೊಡ್ಡ ಕಂಪನಿಗಳ ಹೆಡ್ ಆಫೀಸಿಗೆ ಸರಿ. ಊರಾಚೆ ಗದ್ದೆ ಪಕ್ಕ ಕೂತು ಒಂದೇ ಥರದ ವಾಲ್ವ್ ಮಾಡಿ ಜಗತ್ತಿಗೆಲ್ಲ ಮಾರುವ ಸಣ್ಣ, ಮಧ್ಯಮ ಕಂಪನಿಗಳು ಇಲ್ಲಿ ತುಂಬಾ ಇವೆ. ಅಲ್ಲಿ ಗೋಡೌನ್‌ನವರು, ಲಾರಿಯವರು, ಲೆಕ್ಕದವರು ಎಲ್ಲರ ಜೊತೆಗೂ ಮಾತು ಜರ್ಮನ್‌ನಲ್ಲೇ. ವಾರಕ್ಕೆ ಎರಡು ಗಂಟೆಯ ಜರ್ಮನ್‌ನಲ್ಲಿ ಅಲ್ಲಿ ಒಂದು ದಿನ ಕಳೆಯೋಕಾಗಲ್ಲ.

ಕಿಟಕಿಸೀಟು:

ನಾನು ಈಗ ಆ ಹೊರದೇಶದ ವರ್ಷದಲ್ಲೇ ಇದ್ದೇನೆ, ಮನ್‌ಹೈಮ್‌ನಲ್ಲಿ. ಯಾರೂ ಹೇಳದ ಕೆಲವು ವಿಷಯ ಹೇಳುತ್ತೇನೆ.

ಪಾರ್ಟ್‌ನರ್ ಯೂನಿವರ್ಸಿಟಿಗಳ ಪಟ್ಟಿಯಲ್ಲಿ ಕ್ಯಾಲೆಂಡರ್ ನೋಡಿ. ಜರ್ಮನಿಯ ಬಹುತೇಕ ಯೂನಿವರ್ಸಿಟಿಗಳಲ್ಲಿ ಚಳಿಗಾಲದ ಸೆಮಿಸ್ಟರ್ ಪಾಠ ಶುರುವಾಗೋದು ಅಕ್ಟೋಬರ್ ಮಧ್ಯದಲ್ಲಿ, ಪರೀಕ್ಷೆ ಫೆಬ್ರವರಿಗೆ. ಮನ್‌ಹೈಮ್ ಮಾತ್ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿ ಡಿಸೆಂಬರ್‌ಗೆ ಮುಗಿಸುತ್ತೆ. ಜನವರಿಯಿಂದ ಇಂಟರ್ನ್‌ಶಿಪ್ ಹಿಡಿಯಬೇಕು ಅನ್ನುವವರಿಗೆ ಇದು ದೊಡ್ಡ ಅನುಕೂಲ. ಬಿಸಿನೆಸ್‌ಗೂ ಇಲ್ಲಿ ಒಳ್ಳೇ ಹೆಸರಿದೆ. ಒಂದೇ ತೊಂದರೆ, ಇಂಗ್ಲಿಷ್‌ನಲ್ಲಿ ನಡೆಯುವ ಕೋರ್ಸ್‌ಗಳೂ ಸಾಕಷ್ಟಿವೆ. ಎಕ್ಸ್‌ಚೇಂಜ್‌ನವರೆಲ್ಲ ಅಲ್ಲೇ ಸೇರಿಕೊಂಡು ಇಂಗ್ಲಿಷ್ ಮಾತಾಡಿಕೊಂಡು ವಾಪಸ್ ಹೋಗುತ್ತಾರೆ. ನಿಮ್ಮ ಯೂನಿವರ್ಸಿಟಿ ಇಷ್ಟು ಮಾಡ್ಯೂಲ್ ಜರ್ಮನ್‌ನಲ್ಲೇ ಆಗಬೇಕು ಅಂತ ನಿಯಮ ಮಾಡಿದ್ದರೆ ಬೈಕೋಬೇಡಿ, ಅದು ಒಳ್ಳೇದೇ.

ಪಾಸ್‌ಪೋರ್ಟ್ ಯಾವುದು ಅನ್ನೋದು ಮುಖ್ಯ. ಬ್ರಿಟಿಷ್ ಆಗಿದ್ದರೆ ವೀಸಾ ಇಲ್ಲದೆ ಬಂದು, 90 ದಿನದೊಳಗೆ ಇಲ್ಲೇ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಕೆಲಸ ಶುರು ಮಾಡುವ ಮೊದಲು ಮಾತ್ರ ಪರ್ಮಿಟ್ ಕೈಯಲ್ಲಿರಬೇಕು. ನನ್ನದು ಭಾರತದ ಪಾಸ್‌ಪೋರ್ಟ್, ಹೊರಡುವ ಮೊದಲೇ ವೀಸಾ ಮಾಡಿಸಬೇಕಾಯಿತು. ಖರ್ಚಿಗೆ ಹಣ ಇದೆ ಅಂತ ತೋರಿಸೋಕೆ ಶ್ಪೆರ್‌ಕೋಂಟೊ ಅನ್ನೋ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ತಿಂಗಳಿಗೆ 992ರಂತೆ ಮಾತ್ರ ತೆಗೆಯಬಹುದು. ಮನೆ ಸಿಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಆ ಪತ್ರ ಕೊಡಲ್ಲ ಅನ್ನುವವರ ರೂಮು ಎಷ್ಟೇ ಅಗ್ಗ ಇದ್ದರೂ ಬೇಡ. ಮುಂದಿನ ಎಲ್ಲ ಕೆಲಸ ಅಲ್ಲೇ ನಿಲ್ಲುತ್ತೆ.

ಶುಲ್ಕದ ಬಗ್ಗೆ ಮನೆಯಲ್ಲಿ ಕೇಳಿದರೆ ಹೇಳಿ: ಇಂಗ್ಲೆಂಡಿನಲ್ಲಿ ಹೋಮ್ ವಿದ್ಯಾರ್ಥಿಗಳಿಗೆ, ಅಂದರೆ ಸ್ಥಳೀಯರ ದರ ಅನ್ವಯಿಸುವವರಿಗೆ, 2025–26ರಲ್ಲಿ ವರ್ಷದ ಶುಲ್ಕದ ಮಿತಿ 9,535 ಪೌಂಡ್. ಇಡೀ ವರ್ಷ ಹೊರಗೆ ಓದಿದರೆ ಅದರ 15% ಮಾತ್ರ, ಸುಮಾರು 1,430. ಎಕ್ಸ್‌ಚೇಂಜ್ ಮೇಲೆ ಬಂದರೆ ಇಲ್ಲಿ ಬೇರೆ ಟ್ಯೂಷನ್ ಫೀ ಕಟ್ಟೋ ಹಾಗಿಲ್ಲ. ಬ್ರಿಟನ್ ಎರಾಸ್ಮಸ್ (ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆ) ಬಿಟ್ಟ ಮೇಲೆ 2021ರಲ್ಲಿ ಟ್ಯೂರಿಂಗ್ ಸ್ಕೀಮ್ ಅಂತ ಹೊರದೇಶದ ಓದಿಗೆ ಹಣ ಕೊಡೋ ಯೋಜನೆ ಶುರುವಾಯಿತು. ಆ ಹಣ ನಿಮಗೆ ಸಿಗೋದು ನಿಮ್ಮ ಯೂನಿವರ್ಸಿಟಿ ಅರ್ಜಿ ಹಾಕಿ ಗೆದ್ದರೆ ಮಾತ್ರ.

ನೀಲಿಶಾಯಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನನ್ನದು ಬ್ರಿಟಿಷ್ ಪಾಸ್‌ಪೋರ್ಟ್.

ಅಕ್ಕ, ನೀವು ಹೇಳಿದ ಟೈಮ್‌ಟೇಬಲ್ ಪ್ರಶ್ನೆಯನ್ನು ಮೂರೂ ಕಡೆಗೆ ಈಮೇಲ್ ಮಾಡಿದೆ. ಮೊದಲನೆಯವರು ಬಿಸಿನೆಸ್ ಸ್ಕೂಲ್ ಅನ್ನು ಸಂಪರ್ಕಿಸಿ ಅಂದರು. ನಗು ಬಂತು. ಎರಡನೆಯವರು ಇನ್ನೂ ಉತ್ತರಿಸಿಲ್ಲ. ಎರಡು ಡಿಗ್ರಿ ಕೋರ್ಸ್‌ನವರು ಮಾತ್ರ ಕೋಆರ್ಡಿನೇಟರ್ ಹೆಸರು ಕೊಟ್ಟು, ಈಗ ಜರ್ಮನಿಯಲ್ಲಿರುವ ಒಬ್ಬ ವಿದ್ಯಾರ್ಥಿನಿಯ ಜೊತೆ ಮಾತಾಡಿ ಅಂತ ಏರ್ಪಾಡು ಮಾಡಿದರು. ಮೊದಲನೆಯದನ್ನು ತೆಗೆಯುತ್ತಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಎರಡು ಪ್ರಶ್ನೆ ಉಳಿದಿದೆ. ಎರಡು ಡಿಗ್ರಿ ಕೋರ್ಸ್ ತುಂಬಾ ಕಷ್ಟವಾ? ಮತ್ತೆ ಪರ್ಸನಲ್ ಸ್ಟೇಟ್‌ಮೆಂಟ್ ಒಂದೇ ಬರೆಯಬೇಕಲ್ವಾ, ಒಂದು ಕಡೆ ಅರ್ಧ ಜರ್ಮನ್, ಇನ್ನೊಂದು ಕಡೆ ಬರೀ ಬಿಸಿನೆಸ್. ಎರಡಕ್ಕೂ ಹೊಂದುವ ಹಾಗೆ ಹೇಗೆ ಬರೆಯೋದು?

ಲೆಕ್ಕದಪುಸ್ತಕ:

ಕಷ್ಟ ಇದೆ. ಜರ್ಮನಿಯ ಎರಡು ವರ್ಷ ನೀನು ಅತಿಥಿ ಅಲ್ಲ, ಅಲ್ಲಿನ ಹುಡುಗರ ಜೊತೆ ಕೂತು ಅವರದೇ ಪರೀಕ್ಷೆ ಬರೆಯಬೇಕು. ಲಾಭ ಏನಂದರೆ ಅಲ್ಲಿಂದಲೂ ಒಂದು ಗುಂಪು ನಿಮ್ಮ ಕಡೆ ಬಂದಿರುತ್ತೆ, ನಾಲ್ಕು ವರ್ಷ ಎಲ್ಲ ಒಟ್ಟಿಗೇ ಇರುತ್ತೀರಿ. ಜರ್ಮನಿಯ ರಾಯ್ಟ್‌ಲಿಂಗನ್‌ನ ಇಎಸ್‌ಬಿ ಬಿಸಿನೆಸ್ ಸ್ಕೂಲ್ 1979ರಲ್ಲಿ ಶುರುವಾದದ್ದು, ಈ ಥರದ ಎರಡು ಡಿಗ್ರಿ ಕೋರ್ಸ್‌ಗಳಿಗೇ ಹೆಸರುವಾಸಿ. ನಮ್ಮ ಆಫೀಸಿನಲ್ಲೂ ಅಲ್ಲಿಂದ ಬಂದವರಿದ್ದಾರೆ, ಕೆಲಸ ಗೊತ್ತಿರುವವರು. ಡಬ್ಲಿನ್ ಸಿಟಿ ಯೂನಿವರ್ಸಿಟಿ ಕೂಡ ಅವರ ಜೊತೆ ಸೇರಿ ಗ್ಲೋಬಲ್ ಬಿಸಿನೆಸ್ ಕೋರ್ಸ್ ನಡೆಸುತ್ತೆ. ಐರ್ಲೆಂಡಿನ ಅರ್ಜಿ ಸಿಎಒ ಮೂಲಕ ಹೋಗೋದರಿಂದ ನಿನ್ನ ಯೂಕ್ಯಾಸ್ ಐದರಲ್ಲಿ ಲೆಕ್ಕಕ್ಕೆ ಬರಲ್ಲ. ಅದನ್ನೂ ಒಂದು ಕೈ ನೋಡು. ಫೆಬ್ರವರಿ 1 ಅಲ್ಲಿನ ಗಡುವು.

ಸ್ಟೇಟ್‌ಮೆಂಟ್ ಈಗ ಮೊದಲಿನ ಹಾಗಿಲ್ಲ. 2026ರ ಪ್ರವೇಶದಿಂದ ಮೂರು ಪ್ರಶ್ನೆ: ಈ ವಿಷಯ ಯಾಕೆ, ಓದು ಅದಕ್ಕೆ ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀಯ. ಮೂರೂ ಸೇರಿ 4,000 ಅಕ್ಷರ, ಒಂದೊಂದಕ್ಕೆ ಕನಿಷ್ಠ 350. ಐದೂ ಕಡೆಗೆ ಒಂದೇ ಹೋಗುತ್ತೆ. ಹಾಗಾಗಿ ಜರ್ಮನ್‌ಗೆ ಒಂದು ಪ್ಯಾರಾ, ಬಿಸಿನೆಸ್‌ಗೆ ಒಂದು ಪ್ಯಾರಾ ಅಂತ ಹಂಚಬೇಡ. ಎರಡೂ ಸೇರುವ ಒಂದು ವಿಷಯ ಹಿಡಿ. ಆಲ್ಡಿ, ಲಿಡ್ಲ್ ಬ್ರಿಟನ್ನಿಗೆ ಹೋಗಿ ಅಲ್ಲಿನ ಸೂಪರ್‌ಮಾರ್ಕೆಟ್‌ಗಳ ಬೆಲೆ ಹೇಗೆ ಇಳಿಸಿದವು ಅಂತ ಬರೆ, ಅದರ ಬಗ್ಗೆ ಜರ್ಮನ್ ಪೇಪರ್‌ಗಳು ಏನು ಬರೆದವು ಅಂತ ಜರ್ಮನ್‌ನಲ್ಲೇ ಓದಿ ಸೇರಿಸು. ಬಿಸಿನೆಸ್‌ನವರು ಓದಿದರೂ ಸರಿ ಹೋಗುತ್ತೆ, ಜರ್ಮನ್‌ನವರು ಓದಿದರೂ ಸರಿ ಹೋಗುತ್ತೆ. ಬರೆದ ಮೇಲೆ ಬೇಕಾದರೆ ಕಳಿಸು, ನೋಡಿಕೊಡುತ್ತೇನೆ. ಅಪ್ಪನಿಗೆ ಮಾತ್ರ ಇವತ್ತೇ ಹೇಳಿಬಿಡು. ಮೊದಲನೆಯವರಿಂದ ಬಂದ ಈಮೇಲನ್ನೂ ತೋರಿಸು.